ಹೊಟ್ಟೆಗೆ ಚೀಟಿ

ವಿಮಾನ ಕಂಪನಿಗಳ ನೌಕರರು ತಮ್ಮತಮ್ಮೊಳಗೆ ಹೇಳಿಕೊಂಡು ನಗುವ ಕೆಲವು ಮಾತುಗಳು ಈಚೆಗೆ ನಮ್ಮ ಕಿವಿಗೆ ಬಿದ್ದವು. ಊಟಕ್ಕೆಂದು ಕೊಡುತ್ತಿದ್ದ ನಗದು ಭತ್ಯೆಯನ್ನು ನಿಲ್ಲಿಸಿ, ಅದರ ಬದಲು ಊಟದ ಕೂಪನ್ ಕೊಡುವ ಕಂಪನಿಗಳನ್ನು ಕುರಿತು ಹುಟ್ಟಿದ ಮಾತುಗಳು ಅವು. ಕೇಳಿದಾಗ ನಾವೂ ನಕ್ಕೆವು. ನಕ್ಕು ಮುಗಿದ ಮೇಲೆ, ಇದು ನಮ್ಮ ಗಿರಣಿಯ ಗೇಟಿನ ಮಾತೂ ಹೌದು, ನಮ್ಮ ಪೇಟೆಯ ಮಾತೂ ಹೌದು ಎನಿಸಿತು. ಆದ್ದರಿಂದ ಈ ವಾರ ಇದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ವಿಮಾನ ನಡೆಸುವ ಪೈಲಟರಾಗಲಿ, ಪ್ರಯಾಣಿಕರ ಯೋಗಕ್ಷೇಮ ನೋಡುವ ಪರಿಚಾರಕ ಪರಿಚಾರಿಕೆಯರಾಗಲಿ, ಕೆಲಸ ಮುಗಿದ ಹೊತ್ತಿಗೆ ಮನೆಯಿರುವ ಊರಿನಲ್ಲೇ ಇರುತ್ತಾರೆಂಬ ನೆಚ್ಚಿಕೆಯಿಲ್ಲ. ಪರಊರಿನಲ್ಲೋ ಪರದೇಶದಲ್ಲೋ ರಾತ್ರಿ ಕಳೆದು ಮತ್ತೆ ಹೊರಡಬೇಕು. ಕೋಣೆಯನ್ನು ಕಂಪನಿ ಕೊಡಿಸುತ್ತದೆ. ಊಟ ಉಪಾಹಾರಕ್ಕೆಂದು ಭತ್ಯೆ ಕೊಡುವುದು ಬಹುಕಾಲದ ರೂಢಿ. ರಾತ್ರಿ ಹಾಲ್ಟಿನ ಬಸ್ಸಿನಲ್ಲಿ ದುಡಿಯುವ ನಮ್ಮ ಡ್ರೈವರ್ ಕಂಡಕ್ಟರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಭತ್ಯೆಯನ್ನು ಕಡೆಯ ಕಾಸಿನವರೆಗೂ ತಿಂದು ಮುಗಿಸುವವರು ಕಡಿಮೆ. ಹೋಟೆಲಿನ ದುಬಾರಿ ಊಟ ಬಿಟ್ಟು, ಪೆಟ್ಟಿಗೆಯಲ್ಲಿ ತಂದ ಪೊಟ್ಟಣದ ನೂಡಲ್ಸಿಗೆ ಕೋಣೆಯ ಕೆಟಲಿನಲ್ಲಿ ನೀರು ಕಾಯಿಸಿಕೊಳ್ಳುವವರುಂಟು. ಪುಟ್ಟ ರೈಸ್ ಕುಕ್ಕರನ್ನೇ ಜೊತೆಯಲ್ಲಿ ಒಯ್ಯುವವರೂ ಉಂಟು. ಹಾಗೆ ಉಳಿದದ್ದು ಮನೆಗೆ ಹೋಗುತ್ತದೆ: ತಮ್ಮನ ಫೀಸಿಗೆ, ತಾಯಿಯ ಔಷಧಿಗೆ, ತರಬೇತಿಗೆ ಮಾಡಿದ ಸಾಲದ ಕಂತಿಗೆ. ಇಸ್ತ್ರಿ ಮಾಡಿದ ಉಡುಪನ್ನೂ ಮುಖದ ಮುಗುಳ್ನಗೆಯನ್ನೂ ಕಂಡು ಇವರೆಲ್ಲ ಸಿರಿವಂತರೆಂದು ತಿಳಿಯುವವರು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯನ್ನು ನೆನೆಯಬೇಕು. ಇಲ್ಲಿ ಮಲ್ಲಿಗೆ ಮುಡಿಸುವವರು ಕಂಪನಿಯವರು.

ನಗದಿನ ಜಾಗದಲ್ಲಿ ಕೂಪನ್ ಬಂದೊಡನೆ ನಗೆಯೂ ಬಂದಿತು. ಒಬ್ಬ ಪೈಲಟ್ ಮನೆಗೆ ಫೋನು ಮಾಡಿ, "ಮಗಳ ಶಾಲೆಯ ಫೀಸಿಗೆ ಎರಡು ಬಟ್ಟಲು ಸೂಪು, ಒಂದು ಸ್ಯಾಂಡ್‌ವಿಚ್ ಕಳಿಸುತ್ತಿದ್ದೇನೆ, ರಸೀದಿ ತೆಗೆದುಕೊ" ಎಂದನಂತೆ. ಇನ್ನೊಬ್ಬಳು ಕೂಪನ್ನಿನಲ್ಲಿ ಉಳಿದ ಚಿಲ್ಲರೆ ಕೇಳಿದ್ದಕ್ಕೆ ಮಾಣಿ ಒಂದು ಬಾಳೆಹಣ್ಣನ್ನು ತಂದಿಟ್ಟನಂತೆ. ವಿಮಾನ ಇಳಿದದ್ದು ರಾತ್ರಿ ಹನ್ನೊಂದಕ್ಕೆ, ಹೋಟೆಲಿನ ಅಡುಗೆಮನೆ ಮುಚ್ಚಿದ್ದು ಹತ್ತೂವರೆಗೆ. ಕೂಪನ್ನಿನ ಮೇಲೆ "ಈ ದಿನ ಮಾತ್ರ ಸಲ್ಲುವುದು" ಎಂದಿದೆ. "ನಮ್ಮ ಹಸಿವಿನ ಮೇಲೂ ಹಾಗೆಯೇ ಅಚ್ಚು ಹಾಕಿಸಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!" ಎಂದು ಮಲಗಿದರಂತೆ. ಮತ್ತೊಂದು ಮಾತಿನಲ್ಲಿ ಕಹಿ ಹೆಚ್ಚು. ಆಹಾರ ಕೆಟ್ಟರೆ ಇಬ್ಬರೂ ಒಟ್ಟಿಗೆ ಮಲಗಿಬಿಡಬಾರದೆಂದು, ಹಾರಾಟದಲ್ಲಿ ಇಬ್ಬರು ಪೈಲಟರಿಗೆ ಬೇರೆಬೇರೆ ಊಟ ಕೊಡುವ ಪದ್ಧತಿ ಅನೇಕ ಕಂಪನಿಗಳಲ್ಲುಂಟು. "ಮೇಲೆ ನಮ್ಮ ಹೊಟ್ಟೆಗೆ ಇಷ್ಟು ಮರ್ಯಾದೆ, ಕೆಳಗಿಳಿದರೆ ಎಲ್ಲರಿಗೂ ಒಂದೇ ಕೂಪನ್, ಒಂದೇ ಪಾತ್ರೆ, ಒಂದೇ ಹಳಸಲು" ಎನ್ನುತ್ತಾರೆ.

ಆಡಳಿತವರ್ಗಕ್ಕೂ ತನ್ನದೊಂದು ವಾದವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಭತ್ಯೆ ಉಳಿಸುವ ಆಸೆಗೆ ನೌಕರರು ಅರೆಹೊಟ್ಟೆಯಲ್ಲಿದ್ದರೆ ವಿಮಾನದ ಸುರಕ್ಷತೆಗೇ ಧಕ್ಕೆ ಎನ್ನುತ್ತಾರೆ. ನಿಜ, ಹಸಿದವನು ವಿಮಾನ ನಡೆಸಬಾರದು. ಆದರೆ ಊಟಕ್ಕೆ ಕೊಟ್ಟ ಹಣವನ್ನು ಮನೆಯ ಖರ್ಚಿಗೆ ಉಳಿಸಬೇಕಾಗಿ ಬರುವುದು ಪಗಾರ ಸಾಲದಿದ್ದಾಗ. ಅದಕ್ಕೆ ಮದ್ದು ಪಗಾರ ಏರಿಸುವುದು. ಹೋಟೆಲಿನೊಡನೆ ಸಗಟು ದರ ಮಾತಾಡಿಕೊಂಡು ಪೂರ್ಣಬೆಲೆಯ ಚೀಟಿ ಕೊಟ್ಟರೆ ಕಂಪನಿಗೆ ಉಳಿತಾಯ, ಹೋಟೆಲಿಗೆ ಗಿರಾಕಿ. ನೌಕರನಿಗೆ ಮಾತ್ರ ಕೈಗೆ ಬಂದದ್ದು ಬಾಯಿಗೂ ಇಲ್ಲ, ಮನೆಗೂ ಇಲ್ಲ.

ಈ ಜಾಣತನ ಹೊಸದಲ್ಲ. ಇಂಗ್ಲೆಂಡಿನಲ್ಲಿ ಗಣಿ ಕಾರ್ಖಾನೆಗಳ ಮಾಲೀಕರು ಕೂಲಿಯ ಬದಲು ಸಾಮಾನು ಕೊಟ್ಟು, ತಮ್ಮ ಅಂಗಡಿಯಲ್ಲೇ ಕೊಳ್ಳಿರೆಂದು ಕಟ್ಟುಮಾಡಿ ಸುಲಿಯುತ್ತಿದ್ದರು. ಕೂಲಿಯನ್ನು ನಾಣ್ಯದಲ್ಲೇ ಕೊಡತಕ್ಕದ್ದೆಂದು 1831ರಲ್ಲಿ ಟ್ರಕ್ ಕಾಯ್ದೆ ಮಾಡಬೇಕಾಯಿತು. ಅಮೆರಿಕದ ಕಲ್ಲಿದ್ದಲ ಗಣಿಗಳಲ್ಲಿ ಕಂಪನಿಯ ಬಿಲ್ಲೆ ಕಂಪನಿಯ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಚೀಟಿ, ಕೂಪನ್ನುಗಳಲ್ಲಿ ಕೂಲಿ ಕೊಡಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರ ತನ್ನ 95ನೆಯ ಒಡಂಬಡಿಕೆಯಲ್ಲಿ ಬರೆಯಿತು. ಮೆಕ್ಸಿಕೊ ದೇಶದ 1917ರ ಸಂವಿಧಾನದಲ್ಲೇ ಇಂಥ ನಿಷೇಧವಿದೆ. ಆದರೂ ಅಲ್ಲಿ ವಾಲ್‌ಮಾರ್ಟ್ ಕಂಪನಿ ಕೂಲಿಯ ಒಂದು ಭಾಗವನ್ನು ತನ್ನ ಅಂಗಡಿಗಳಲ್ಲಿ ಮಾತ್ರ ನಡೆಯುವ ಚೀಟಿಗಳಲ್ಲಿ ಕೊಡುತ್ತಿತ್ತು. 2008ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಅದು ಸಲ್ಲದೆಂದು ತೀರ್ಪಿತ್ತಿತು.

ನಮ್ಮ ದೇಶದ ಕಾಯ್ದೆ ಏನೆನ್ನುತ್ತದೆ? ಕೂಲಿಯನ್ನು ನಾಣ್ಯ ಅಥವಾ ನೋಟುಗಳಲ್ಲಿ ಬಟವಾಡೆ ಮಾಡಬೇಕೆಂದು 1936ರ ವೇತನ ಪಾವತಿ ಕಾಯ್ದೆ ವಿಧಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಬಂದಿರುವ 2019ರ ವೇತನ ಸಂಹಿತೆ ನಗದಿನ ಜೊತೆಗೆ ಚೆಕ್ಕನ್ನೂ ಬ್ಯಾಂಕ್ ಜಮೆಯನ್ನೂ ಒಪ್ಪಿದೆ. ಇದನ್ನೋದಿ ನಾವು ನಿಶ್ಚಿಂತರಾಗುವಂತಿಲ್ಲ. ಕೆಲಸದ ಸ್ವರೂಪದಿಂದ ಬೀಳುವ ವಿಶೇಷ ಖರ್ಚಿಗೆಂದು ಕೊಡುವ ಹಣವನ್ನು ಹಳೆಯ ಕಾಯ್ದೆಯೂ ಹೊಸ ಸಂಹಿತೆಯೂ ವೇತನವೆಂಬ ಮಾತಿನ ಹೊರಗಿಟ್ಟಿವೆ. ಪರಊರಿನ ಊಟದ ಭತ್ಯೆ ಇಂಥ ಹಣವೆಂದು ವಾದಿಸುವುದು ಸುಲಭ. ಹಾಗಾದಾಗ ನಗದಿನಲ್ಲೇ ಕೊಡಬೇಕೆಂಬ ಕಟ್ಟು ಅದನ್ನು ಕಾಯುವುದಿಲ್ಲ. ಬಾಗಿಲಿಗೆ ಬೀಗವಿದೆ, ಕಿಟಕಿ ತೆರೆದಿದೆ.

ತೆರಿಗೆಯ ಆಸೆಯೂ ಇದಕ್ಕೆ ಒತ್ತಾಸೆಯಾಗಿದೆ. ಬ್ರಿಟನ್ನಿನಲ್ಲಿ ಊಟದ ಚೀಟಿಗೆ ದಿನಕ್ಕೆ 3 ಷಿಲಿಂಗಿನವರೆಗೆ ತೆರಿಗೆ ವಿನಾಯಿತಿ ಇತ್ತು. ಷಿಲಿಂಗು ಹೋಗಿ ಅದು 15 ಪೆನ್ಸ್ ಎನಿಸಿತು. 1948ರ ಆ ಮಿತಿ 2013ರಲ್ಲಿ ರದ್ದಾಗುವವರೆಗೂ ಒಂದು ಕಾಸೂ ಏರಲಿಲ್ಲ. ನಮ್ಮ 1962ರ ಆದಾಯ ತೆರಿಗೆ ನಿಯಮಗಳಲ್ಲೂ ಒಂದು ಊಟಕ್ಕೆ 50 ರೂಪಾಯಿ ಎಂಬ ಮಿತಿ ಬೇಳೆ ಎಣ್ಣೆಗಳ ಧಾರಣೆ ಎಷ್ಟು ಏರಿದರೂ ವರ್ಷಗಟ್ಟಲೆ ಕದಲದೆ ನಿಂತಿತ್ತು. ಚೀಟಿಗೆ ತುಟ್ಟಿಭತ್ಯೆಯಿಲ್ಲ ಎಂಬುದನ್ನು ಕಾರ್ಮಿಕ ಬಂಧುಗಳು ಮನಗಾಣಬೇಕು.

ಇನ್ನು ಸಣ್ಣ ವ್ಯಾಪಾರಸ್ಥರ ಮಾತು. ನಗದು ರೂಪಾಯಿ ಕೈಗೆ ಬಂದವನು ಖಾನಾವಳಿಗೆ ಹೋಗುತ್ತಾನೆ, ಮಿರ್ಚಿ ಬಂಡಿಯ ಮುಂದೆ ನಿಲ್ಲುತ್ತಾನೆ, ಕಿರಾಣಿ ಅಂಗಡಿಯ ಉದ್ರಿ ತೀರಿಸುತ್ತಾನೆ. ಕೂಪನ್ನಿಗೆ ಆ ಕಾಲುಗಳಿಲ್ಲ. ಅದು ಒಪ್ಪಂದ ಮಾಡಿಕೊಂಡ ದೊಡ್ಡ ಹೋಟೆಲಿನ ಬಾಗಿಲಿಗೆ ಮಾತ್ರ ನಡೆದುಹೋಗುತ್ತದೆ. ಸಣ್ಣ ಅಂಗಡಿಯವನು ಆ ಪಟ್ಟಿಗೆ ಸೇರಿದರೂ, ಕೂಪನ್ ಕಂಪನಿಗೆ ಕಮಿಷನ್ ಕೊಟ್ಟು ತನ್ನ ಹಣಕ್ಕೆ ತಾನೇ ಕಾಯಬೇಕು. ದುಡಿದವನ ಜೇಬಿಗೂ ಅಂಗಡಿಯವನ ಗಲ್ಲೆಗೂ ನಡುವೆ ಮೂರನೆಯವನೊಬ್ಬ ಕುರ್ಚಿ ಹಾಕಿಕೊಂಡು ಕೂತಂತಾಯಿತು.

ನಮ್ಮ ಜಿಲ್ಲೆಯ ಒಂದು ಗಿರಣಿಯಲ್ಲಿ ರಾತ್ರಿ ಪಾಳಿಯವರ ಚಹದ ಭತ್ಯೆಯನ್ನು ತೆಗೆದು ಕ್ಯಾಂಟೀನ್ ಚೀಟಿ ಕೊಡುವ ಮಾತೆದ್ದಿದೆಯೆಂದು ಕೇಳಿದ್ದೇವೆ. ಮೊತ್ತ ಸಣ್ಣದೆಂದು ಯಾರೂ ಉದಾಸೀನ ಮಾಡಬಾರದು. ತನ್ನ ದುಡಿಮೆಯ ಹಣದಿಂದ ಏನು ತಿನ್ನಬೇಕು, ಎಲ್ಲಿ ತಿನ್ನಬೇಕು, ತಿನ್ನದೆ ಯಾರಿಗೆ ಉಳಿಸಬೇಕು ಎಂಬುದು ದುಡಿದವನ ತೀರ್ಮಾನ. ಚೀಟಿ ಈ ತೀರ್ಮಾನವನ್ನೇ ಅವನ ಕೈಯಿಂದ ಕಿತ್ತುಕೊಳ್ಳುತ್ತದೆ.

ಕಾಯ್ದೆಯ ಕಿಟಕಿ ಮುಚ್ಚುವ ಉಪಾಯ ಒಂದೇ. ಭತ್ಯೆ ನಗದಾಗಿಯೇ ಸಲ್ಲತಕ್ಕದ್ದು, ಬೆಲೆಯೊಂದಿಗೆ ಏರತಕ್ಕದ್ದು, ನೌಕರನ ಲಿಖಿತ ಒಪ್ಪಿಗೆಯಿಲ್ಲದೆ ಬದಲಾಗಕೂಡದು ಎಂಬ ಮೂರು ಮಾತುಗಳನ್ನು ಕಾರ್ಮಿಕ ಸಂಘಗಳು ಮುಂದಿನ ಒಪ್ಪಂದದಲ್ಲೇ ಬರೆಸಬೇಕು. ಸಂಘ ಈ ಬೇಡಿಕೆಯಿಟ್ಟ ದಿನ ಪೇಟೆಯ ವ್ಯಾಪಾರಸ್ಥರೂ ಅದರ ಬೆನ್ನಿಗೆ ನಿಲ್ಲಬೇಕು. ಇದು ಅವರ ಗಲ್ಲೆಯ ಪ್ರಶ್ನೆಯೂ ಹೌದು.

ವಿಮಾನದ ನೌಕರರ ನಗೆಯನ್ನು ನಾವು ಕೀಳೆಣಿಸುವುದಿಲ್ಲ. ಬಾಯಿ ಬಿಟ್ಟು ಕೇಳಿದರೆ ಕೆಲಸ ಹೋದೀತೆಂಬ ಕಡೆ ದೂರು ಮೊದಲು ನಗೆಯಾಗಿಯೇ ಹೊರಬೀಳುತ್ತದೆ. ಆದರೆ ನಗೆಗೆ ಆಡಳಿತವರ್ಗ ಉತ್ತರ ಕೊಡಬೇಕಾಗಿಲ್ಲ. ಸಂಘದ ಸಹಿಯಿರುವ ಅರ್ಜಿಗೆ ಕೊಡಲೇಬೇಕಾಗುತ್ತದೆ.