ಹೊಳೆಗೆ ಗಡಿಯಿಲ್ಲ, ತೊಟ್ಟೆಗೂ ಇಲ್ಲ



ಮಳೆಗಾಲ ಮುಗಿದು ಪಯಸ್ವಿನಿ ಹೊಳೆಯ ನೀರು ಇಳಿದಾಗ ಬದಿಯ ತೋಟಗಳಿಗೆ ಹೋಗಿ ನೋಡಿ. ಬಿದಿರ ಬುಡದಲ್ಲಿ, ಪಂಪಿನ ಪೈಪಿನ ಬಾಯಲ್ಲಿ, ಎಲ್ಲಿ ನೋಡಿದರೂ ಪ್ಲಾಸ್ಟಿಕ್ ತೊಟ್ಟೆಗಳು. “ಮೇಲಿನವರು ಎಸೆದದ್ದು” ಎಂದು ನಾವು ಸುಳ್ಯದ ಕಡೆಗೆ ಕೈ ತೋರಿಸುತ್ತೇವೆ. ನಮ್ಮ ತೋಡಿನಿಂದ ಹೋದ ತೊಟ್ಟೆ ಕೆಳಗಿನವರ ತೋಟದಲ್ಲಿದೆ ಎಂಬುದನ್ನು ಮರೆಯುತ್ತೇವೆ.

ಈ ಹೊಳೆ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯ ಪೇಟೆಯ ಬದಿಯಿಂದ ಹರಿದು ನಮ್ಮ ಕಾಸರಗೋಡು ಜಿಲ್ಲೆಗೆ ಬರುತ್ತದೆ. ಬಾವಿಕ್ಕೆರೆಯಲ್ಲಿ ಇದೇ ನೀರನ್ನು ಎತ್ತಿ ಕಾಸರಗೋಡು ಪೇಟೆಗೆ ಕುಡಿಯಲು ಕೊಡುತ್ತಾರೆ. ಕೊನೆಗೆ ಇದು ಚಂದ್ರಗಿರಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ. ಹೊಳೆ ಒಂದೇ, ಆಡಳಿತ ಮಾತ್ರ ಎರಡು ರಾಜ್ಯಗಳದ್ದು.

ಕಾನೂನಿಗೆ ಕೊರತೆಯಿಲ್ಲ. ಕರ್ನಾಟಕ 2016ರಲ್ಲಿ, ಕೇರಳ 2020ರಲ್ಲಿ ಪ್ಲಾಸ್ಟಿಕ್ ನಿಷೇಧ ತಂದವು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಲ್ಲೇ ನಿಷೇಧವಿದೆ. ಕೊರತೆ ಇರುವುದು ಕೂಡಿ ಮಾಡುವ ಕೆಲಸಕ್ಕೆ. ಸುಳ್ಯದ ಪಟ್ಟಣ ಪಂಚಾಯತು, ದೇಲಂಪಾಡಿ, ಕಾರಡ್ಕ, ಮುಳಿಯಾರು ಪಂಚಾಯತುಗಳು ಮತ್ತು ಕಾಸರಗೋಡು ನಗರಸಭೆ ಮಳೆಗಾಲಕ್ಕೆ ಮೊದಲು ಒಟ್ಟಿಗೆ ಕೂತು ಮಾತಾಡಲಿ. ಪೇಟೆಯ ಚರಂಡಿ ಹೊಳೆಗೆ ಸೇರುವಲ್ಲಿ ಕಸ ತಡೆಯುವ ಸರಳು ಹಾಕಲಿ. ಗೊಬ್ಬರದ ಚೀಲ, ಹಳೆ ಪೈಪು, ರಬ್ಬರ್ ಮರಕ್ಕೆ ಕಟ್ಟಿದ ಪ್ಲಾಸ್ಟಿಕ್ ಇವನ್ನು ಕೊಂಡೊಯ್ಯಲು ಎರಡೂ ಕಡೆ ಒಂದೇ ದಿನ ಗೊತ್ತುಮಾಡಲಿ.

ಆದರೆ ಹಾಗೆ ಕೇಳುವ ಮೊದಲು ನಮ್ಮ ಬಚ್ಚಲ ಒಲೆಯನ್ನು ನೋಡಿಕೊಳ್ಳೋಣ. ಹರಿತ ಕರ್ಮಸೇನೆಯ ಹೆಂಗಸರು ಮನೆಗೆ ಬಂದರೆ, ತಿಂಗಳಿಗೆ 50 ರೂಪಾಯಿ ಯಾಕೆ ಕೊಡಬೇಕು ಎಂದು ನಮ್ಮಲ್ಲಿ ಕೆಲವರು ತಕರಾರು ಮಾಡುತ್ತೇವೆ. ತೊಟ್ಟೆ, ಪೈಪಿನ ತುಂಡು ಎಲ್ಲವನ್ನೂ ಸೋಗೆಯೊಂದಿಗೆ ಉರಿಸಿ ನೀರು ಕಾಯಿಸುತ್ತೇವೆ. ಪೈಪಿನಂಥ ಪಿವಿಸಿ ಹೀಗೆ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂತು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ಉಳಿಯುತ್ತದೆ. ಆ ಹಾಲು ಕುಡಿಯುವವರು ನಮ್ಮ ಮಕ್ಕಳೇ. ಒಲೆಯ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ.

ವಿಷದ ಪಾಠ ನಮ್ಮ ಜಿಲ್ಲೆಗೆ ಹೊಸತಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದರ ನೋವು ಇನ್ನೂ ಎಷ್ಟೋ ಮನೆಗಳಲ್ಲಿದೆ. ಅಂದು ಮೇಲಿನಿಂದ ಬಿದ್ದದ್ದನ್ನು ತಡೆಯುವ ಶಕ್ತಿ ನಮಗಿರಲಿಲ್ಲ. ಇಂದು ಒಲೆಗೆ ಹಾಕುವ ಕೈ ನಮ್ಮದೇ.

ಆದುದರಿಂದ ತೊಟ್ಟೆಯನ್ನು ತೊಳೆದು ಒಣಗಿಸಿ ಕರ್ಮಸೇನೆಗೆ ಕೊಡೋಣ. ಪೇಟೆಗೆ ಹೋಗುವಾಗ ಕೈಚೀಲ ಮರೆಯದಿರೋಣ. ಮದುವೆ, ಹಬ್ಬದ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ತರೋಣ. ಅದು ನಮ್ಮದೇ ತೋಟದ ವಸ್ತು, ನಾಲ್ಕು ಕಾಸೂ ಬಂದೀತು. ಮುಂದಿನ ಗ್ರಾಮಸಭೆಯಲ್ಲಿ ಸುಳ್ಯದವರೊಂದಿಗೆ ಮಾತುಕತೆಯ ಬೇಡಿಕೆಯನ್ನು ನಾವೇ ಎದ್ದು ಮಂಡಿಸೋಣ. ಮೇಲಿನವರಿಗೆ ಹೇಳುವ ಬಾಯಿ ನಮಗೆ ಬರಬೇಕಾದರೆ, ಕೆಳಗಿನವರಿಗೆ ಶುದ್ಧ ನೀರು ಬಿಟ್ಟಿರಬೇಕು.