ಕ್‌ಗರಿಯ ಮರಳಿನ ಮೇಲೆ ಇನ್ನು ಸ್ವಂತ ಗಾಡಿ ಬೇಡ

ಆಸ್ಟ್ರೇಲಿಯಾದ ಕ್‌ಗರಿ ದ್ವೀಪಕ್ಕೆ ಹೋಗುವ ಪ್ರವಾಸಿಗರ ಸಂಖ್ಯೆಗೆ ಮಿತಿ ಹಾಕಬೇಕೋ ಬೇಡವೋ ಎಂಬ ಜಗಳ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ವರ್ಷಗಳಿಂದ ನಡೆದೇ ಇದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮಿತಿ ಬೇಕು, ಅದೂ ಕಟ್ಟುನಿಟ್ಟಾಗಿ. ಇಷ್ಟೇ ಸಾಲದು. ಗುಂಪು ಕಟ್ಟಿಕೊಂಡು, ಬಾಡಿಗೆಯ ಫೋರ್‌ವೀಲ್ ಡ್ರೈವ್ ಗಾಡಿಗಳನ್ನು ತಾವೇ ಓಡಿಸಿಕೊಂಡು ಹೋಗಿ, ಸಿಕ್ಕ ದಿಬ್ಬದ ಹಿಂದೆ ಟೆಂಟ್ ಹೊಡೆಯುವ ಪದ್ಧತಿ ಅಲ್ಲಿ ನಿಲ್ಲಬೇಕು. ಬ್ರಿಸ್ಬೇನಿನಲ್ಲಿ ಓದುವ, ದುಡಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರೂ ಈಸ್ಟರ್ ರಜೆ ಬಂತೆಂದರೆ ಇದೇ ಪ್ರವಾಸಕ್ಕೆ ಹೊರಡುವುದರಿಂದ ಈ ಮಾತನ್ನು ಕನ್ನಡದಲ್ಲಿಯೇ ಹೇಳಬೇಕಾಗಿದೆ.

ಕ್‌ಗರಿ ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ. ಉದ್ದ 120 ಕಿ.ಮೀ.ಗೂ ಹೆಚ್ಚು. ಬಂಡೆಯ ಮೂರು ನಾಲ್ಕು ತುಣುಕುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಸಮುದ್ರದ ಅಲೆಯೂ ಗಾಳಿಯೂ ಲಕ್ಷಾಂತರ ವರ್ಷ ಹೊತ್ತು ತಂದು ಸುರಿದ ಮರಳು. ಆ ಮರಳಿನ ಮೇಲೆಯೇ ಮುಗಿಲೆತ್ತರದ ಮಳೆಕಾಡು ಬೆಳೆದಿದೆ. ಮರಳುಗುಡ್ಡಗಳ ನೆತ್ತಿಯ ಮೇಲೆ ಸಿಹಿನೀರಿನ ಕೆರೆಗಳು ನಿಂತಿವೆ. ಕೊಳೆತ ಎಲೆಯ ಪದರ ಅಡಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿ ನೀರನ್ನು ಹಿಡಿದಿಟ್ಟ ಕೆರೆಗಳಿವು. ಪ್ರಪಂಚದಲ್ಲಿ ಈ ಜಾತಿಯ ಕೆರೆಗಳಲ್ಲಿ ಅರ್ಧದಷ್ಟು ಇದೊಂದೇ ದ್ವೀಪದಲ್ಲಿವೆ ಎಂದು ಯುನೆಸ್ಕೊ ದಾಖಲಿಸಿದೆ. 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಇದು ಸೇರಿದ್ದು ಈ ಕಾರಣಗಳಿಗಾಗಿ.

ಇಂಥ ನೆಲದ ಪೂರ್ವದ ದಂಡೆಯನ್ನು ಸರ್ಕಾರ ಹೆದ್ದಾರಿ ಎಂದು ಮಾನ್ಯ ಮಾಡಿದೆ. ‘ಸೆವೆಂಟಿಫೈವ್ ಮೈಲ್ ಬೀಚ್’ ಎಂದು ಕರೆಯುವ ಆ ಮರಳಿನ ದಂಡೆಯ ಮೇಲೆ ಗಂಟೆಗೆ 80 ಕಿ.ಮೀ.ವರೆಗೆ ಗಾಡಿ ಓಡಿಸಬಹುದು. ಪೊಲೀಸರು ನಿಂತು ಉಸಿರು ಪರೀಕ್ಷೆ ಮಾಡುತ್ತಾರೆ. ಪುಟ್ಟ ವಿಮಾನಗಳು ಅದೇ ಮರಳಿನ ಮೇಲೆ ಇಳಿಯುತ್ತವೆ, ಏರುತ್ತವೆ. ರೈನ್‌ಬೋ ಬೀಚ್ ಊರಿನಲ್ಲಿ ಗಾಡಿ ಹಿಡಿದು, ಟೈರಿನ ಗಾಳಿ ಇಳಿಸಿ, ಇನ್‌ಸ್ಕಿಪ್ ಪಾಯಿಂಟಿನಿಂದ ಬಾರ್ಜ್ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ‘ಟ್ಯಾಗ್ ಅಲಾಂಗ್’ ಎನ್ನುವ ಪ್ರವಾಸದಲ್ಲಿ ಮುಂದಿನ ಗಾಡಿಯಲ್ಲಿ ಗೈಡ್ ಇರುತ್ತಾನೆ. ಹಿಂದಿನ ಮೂರು ನಾಲ್ಕು ಗಾಡಿಗಳನ್ನು ಪ್ರವಾಸಿಗಳೇ ಸರದಿಯ ಮೇಲೆ ಓಡಿಸುತ್ತಾರೆ. ಹಿಂದಿನ ದಿನದವರೆಗೆ ಮರಳಿನಲ್ಲಿ ಗಾಡಿ ಓಡಿಸಿಯೇ ಗೊತ್ತಿಲ್ಲದ ಇಪ್ಪತ್ತೊಂದು ಇಪ್ಪತ್ತೆರಡರ ಯುವಕರ ಕೈಗೆ ಸ್ಟೇರಿಂಗ್ ಸಿಗುತ್ತದೆ. ಗೈಡೂ ಇಲ್ಲದೆ ಗೆಳೆಯರ ಗುಂಪೇ ಸ್ವತಂತ್ರವಾಗಿ ಹೋಗುವುದೂ ಅಷ್ಟೇ ಸಾಮಾನ್ಯ.

ಒದ್ದೆ ಮರಳು ನೋಡಲು ಡಾಂಬರಿನಂತೆ ಗಟ್ಟಿ. ಆದರೆ ಒಳನಾಡಿನಿಂದ ಸಮುದ್ರಕ್ಕೆ ಹರಿಯುವ ತೊರೆಗಳು ರಾತ್ರೋರಾತ್ರಿ ಅದನ್ನು ಕೊರೆದು ಹೊಂಡ ಮಾಡಿರುತ್ತವೆ. ಸಂಜೆಯ ಬೆಳಕಿನಲ್ಲಿ ಆ ಹೊಂಡ ಹತ್ತಿರ ಬರುವ ತನಕ ಕಾಣುವುದಿಲ್ಲ. ಎತ್ತರದ ಗಾಡಿ, ತುಂಬ ಜನ, ಮೇಲೆ ಲಗೇಜು, ಚಾಲಕ ಗಾಬರಿಯಿಂದ ಒಮ್ಮೆ ಸ್ಟೇರಿಂಗ್ ಎಳೆದರೆ ಸಾಕು, ಗಾಡಿ ಮಗುಚುತ್ತದೆ. 2009ರಲ್ಲಿ ಹೀಗೆಯೇ ಬಾಡಿಗೆ ಗಾಡಿ ಮಗುಚಿ ಯುವ ಪ್ರವಾಸಿಗರು ಸತ್ತರು. ಆಮೇಲೆ ಒಂದು ಗಾಡಿಯಲ್ಲಿ ಎಂಟಕ್ಕಿಂತ ಹೆಚ್ಚು ಜನ ಕೂರಬಾರದು, ಛಾವಣಿಯ ಮೇಲೆ ಸಾಮಾನು ಹೇರಬಾರದು ಎಂಬ ನಿಯಮಗಳು ಬಂದವು. ನಿಯಮಗಳು ಒಳ್ಳೆಯವೇ. ಆದರೆ ಅವು ಗಾಡಿಯೊಳಗಿನ ಮನುಷ್ಯನನ್ನು ಕಾಯುವುದಕ್ಕಾಗಿ ಬಂದ ನಿಯಮಗಳು. ಗಾಡಿಯ ಕೆಳಗೆ ಏನಾಗುತ್ತಿದೆ ಎಂದು ಕೇಳುವವರು ಆಗಲೂ ಕಡಿಮೆ ಇದ್ದರು, ಈಗಲೂ ಕಡಿಮೆ.

ಗಾಡಿಯ ಕೆಳಗೆ ಮರಳಿನಲ್ಲಿ ಹುದುಗಿರುವ ಚಿಪ್ಪುಜೀವಿಗಳಿವೆ, ಹಗಲು ಬಿಲದಲ್ಲಿದ್ದು ರಾತ್ರಿ ನೀರಿನಂಚಿಗೆ ಬರುವ ಬಿಳಿ ಏಡಿಗಳಿವೆ. ಗಾಡಿ ಓಡಾಡುವ ದಂಡೆಗಳಲ್ಲಿ ಇವು ಚಕ್ರಕ್ಕೆ ಸಿಕ್ಕಿ ಸಾಯುವುದನ್ನು, ಅವುಗಳ ಸಂಖ್ಯೆ ಕುಸಿಯುವುದನ್ನು ಆಗ್ನೇಯ ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು ಎಣಿಸಿ ತೋರಿಸಿದ್ದಾರೆ. ಒಳಗಿನ ಕಾಡುದಾರಿಗಳ ಕಥೆ ಬೇರೆಯಲ್ಲ. ಮರಳಿನ ದಾರಿ ಗಾಡಿ ಓಡಿದಷ್ಟೂ ಆಳಕ್ಕೆ ಇಳಿಯುತ್ತದೆ. ಮಳೆಗೆ ಆ ಮರಳು ಹರಿದು ತಗ್ಗು ಸೇರುತ್ತದೆ. ಮೆಕೆಂಜಿ ಕೆರೆಯಂಥ ಕೆರೆಗಳ ನೀರು ಅಷ್ಟು ತಿಳಿಯಾಗಿರುವುದು ಅದರಲ್ಲಿ ಪೋಷಕಾಂಶವೇ ಇಲ್ಲದಿರುವುದರಿಂದ. ಸಾವಿರಾರು ಮೈಗಳಿಂದ ತೊಳೆದು ಹೋಗುವ ಸನ್‌ಸ್ಕ್ರೀನ್, ಬೆವರು, ಮೂತ್ರ ಅಲ್ಲಿ ಸೇರಿದರೆ ಪಾಚಿಗೆ ಅದೇ ಗೊಬ್ಬರ. ಹರಿದು ಹೊರಹೋಗುವ ದಾರಿ ಆ ಕೆರೆಗಳಿಗಿಲ್ಲ. ದಂಡೆಯ ಶಿಬಿರ ವಲಯಗಳಲ್ಲಿ ಶೌಚಾಲಯವೂ ಇಲ್ಲ. ದಿಬ್ಬದ ಹಿಂದೆ ಹೋಗಿ ಬರುವವರು ಎಷ್ಟು ಜನ ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಡಿಂಗೊ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಇದೇ.

ಡಿಂಗೊ ಆಸ್ಟ್ರೇಲಿಯಾದ ಕಾಡುನಾಯಿ. ಕ್‌ಗರಿಯ ಮೂಲನಿವಾಸಿಗಳಾದ ಬುಚುಲ್ಲಾ ಜನ ಅದನ್ನು ವೊಂಗಾರಿ ಎನ್ನುತ್ತಾರೆ, ತಮ್ಮ ಬಳಗದಂತೆ ಕಾಣುತ್ತಾರೆ. ಇಡೀ ದ್ವೀಪದಲ್ಲಿ ಅವು ಇರುವುದೇ 200ರ ಒಳಗೆ ಎಂಬುದು ಸಾಮಾನ್ಯ ಅಂದಾಜು. ಮುಖ್ಯಭೂಮಿಯ ಡಿಂಗೊಗಳೊಂದಿಗೆ ಬೆರೆಯುವ ಅವಕಾಶವಿಲ್ಲದ್ದರಿಂದ ವಂಶವೈವಿಧ್ಯ ಮೊದಲೇ ತೆಳುವಾಗಿದೆ. ಹೀಗಿರುವಾಗ ಒಂದು ಗುಂಪು ಬಂದು ಟೆಂಟ್ ಹಾಕುತ್ತದೆ. ಐಸ್‌ಬಾಕ್ಸ್ ಹೊರಗೇ ಇರುತ್ತದೆ. ಮೀನಿನ ಗಾಳಕ್ಕೆ ತಂದ ಎರೆ, ಬಾರ್ಬೆಕ್ಯೂ ಎಲುಬು, ಪುಳಿಯೋಗರೆ ಡಬ್ಬಿ, ಕಸದ ಚೀಲ ಎಲ್ಲದರ ವಾಸನೆ ಗಾಳಿಗೆ ಹರಡುತ್ತದೆ. ಮರಿ ಡಿಂಗೊ ಒಂದು ಸಲ ಕದ್ದು ತಿಂದು ಹೋಗುತ್ತದೆ. ಎರಡನೆಯ ಸಲ ಯಾರೋ ಫೋಟೊಗೆಂದು ಬ್ರೆಡ್ ಎಸೆಯುತ್ತಾರೆ. ಮನುಷ್ಯ ಇದ್ದಲ್ಲಿ ಊಟ ಇದೆ ಎಂಬುದು ಅದಕ್ಕೆ ಖಾತ್ರಿಯಾಗುತ್ತದೆ. ಆಮೇಲೆ ಅದು ಹಿಂಬಾಲಿಸುತ್ತದೆ, ಸುತ್ತುಹಾಕುತ್ತದೆ, ಕಾಲು ಕಚ್ಚಿ ನೋಡುತ್ತದೆ. ಅಷ್ಟು ಹೊತ್ತಿಗೆ ಬ್ರೆಡ್ ಎಸೆದವರು ವಿಮಾನ ಹತ್ತಿ ಊರು ಸೇರಿರುತ್ತಾರೆ. ಡಿಂಗೊದ ಕಿವಿಗೆ ಗುರುತಿನ ಟ್ಯಾಗ್ ಬೀಳುತ್ತದೆ, ನಂತರ ಕೊರಳಿಗೆ ಕಾಲರ್, ಕೊನೆಗೆ ಕೊಲ್ಲುವ ಆದೇಶ.

2001ರ ಏಪ್ರಿಲಿನಲ್ಲಿ ಒಂಬತ್ತು ವರ್ಷದ ಬಾಲಕನನ್ನು ಡಿಂಗೊಗಳು ಕೊಂದವು. ಆ ಸಾವಿನ ದುಃಖ ಸಣ್ಣದಲ್ಲ. ಅದರ ಬೆನ್ನಿಗೆ ಸುಮಾರು 30 ಡಿಂಗೊಗಳನ್ನು ಹುಡುಕಿ ಕೊಲ್ಲಲಾಯಿತು. 2019ರಲ್ಲಿ ಕ್ಯಾಂಪರ್‌ವ್ಯಾನಿನೊಳಗೆ ಮಲಗಿದ್ದ ಎಳೆಮಗುವನ್ನು ಎಳೆದೊಯ್ಯಲು ಯತ್ನ ನಡೆಯಿತು, ತಂದೆ ಬಿಡಿಸಿಕೊಂಡರು. 2023ರ ಜುಲೈಯಲ್ಲಿ ದಂಡೆಯ ಮೇಲೆ ಓಡುತ್ತಿದ್ದ ಯುವತಿಯನ್ನು ಗುಂಪೊಂದು ನೀರಿನೊಳಗೆ ಅಟ್ಟಿ ಕಚ್ಚಿತು. ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಒಂದು ಡಿಂಗೊವನ್ನು ಕೊಂದರು. ಅದೇ ತಿಂಗಳು ಡಿಂಗೊಗಳ ಪಕ್ಕ ಕೂತು, ಮಲಗಿ ಸೆಲ್ಫಿ ತೆಗೆದುಕೊಂಡ ಇಬ್ಬರು ಮಹಿಳೆಯರಿಗೆ ತಲಾ 2,300 ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಒಂದು ಕಡೆ ದಂಡ, ಇನ್ನೊಂದು ಕಡೆ ಪ್ರಾಣ. ತಪ್ಪು ಮಾಡುವವರು ಯಾರು, ಬೆಲೆ ತೆರುವವರು ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಇದಕ್ಕೆ ಉತ್ತರವಾಗಿ ಅಧಿಕಾರಿಗಳು ಹೇಳುವುದು ‘ಜಾಗೃತಿ ಮೂಡಿಸೋಣ’ ಎಂದು. ಬಾರ್ಜ್ ಹತ್ತುವಲ್ಲಿ ಫಲಕ, ಶಿಬಿರದಲ್ಲಿ ಫಲಕ, ಪರವಾನಗಿಯ ಜೊತೆ ಸೂಚನಾಪತ್ರ, ಬೇಲಿ ಹಾಕಿದ ಕ್ಯಾಂಪ್‌ಗ್ರೌಂಡ್, ರೇಂಜರ್‌ಗಳ ಉಪದೇಶ. 2001ರಿಂದ ಇವೆಲ್ಲ ಬಂದಿವೆ, ಪ್ರತಿಯೊಂದೂ ಬೇಕಾದದ್ದೇ. ಆದರೆ ಪ್ರತಿ ವಾರ ಹೊಸ ಮುಖಗಳು ಬಂದಿಳಿಯುವ ಜಾಗದಲ್ಲಿ ಜಾಗೃತಿ ಪ್ರತಿ ವಾರ ಸೊನ್ನೆಯಿಂದ ಶುರುವಾಗುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಜನರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸರಿಯಾಗಿ ನಡೆದುಕೊಂಡರೂ ಉಳಿದವರೇ ಸಾವಿರ ಸಾವಿರ. ಬೆಂಕಿಗೆ ಒಬ್ಬರು ಸಾಕು. 2020ರ ಅಕ್ಟೋಬರಿನಲ್ಲಿ ದಂಡೆಯ ಮೇಲೆ ಕಾನೂನು ಮೀರಿ ಹಚ್ಚಿ ಸರಿಯಾಗಿ ಆರಿಸದೆ ಬಿಟ್ಟ ಒಂದು ಶಿಬಿರಾಗ್ನಿ ಸುಮಾರು ಎರಡು ತಿಂಗಳು ಉರಿದು ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸುಟ್ಟಿತು.

ಹಾಗಾದರೆ ಮಿತಿ ಏಕಿಲ್ಲ? ಟೆಂಟ್ ಹಾಕುವ ಜಾಗಗಳಿಗೆ ಬುಕಿಂಗ್ ಇದೆ. ಗಾಡಿಗೆ ಪರವಾನಗಿ ಬೇಕು, ಆದರೆ ದಿನಕ್ಕೆ ಇಷ್ಟೇ ಗಾಡಿ ಎಂಬ ಕಟ್ಟಳೆ ಇಲ್ಲ. ದುಡ್ಡು ಕಟ್ಟಿದವರಿಗೆಲ್ಲ ಸಿಗುತ್ತದೆ. ಮಿತಿಯ ಮಾತೆತ್ತಿದಾಗಲೆಲ್ಲ ಪ್ರವಾಸೋದ್ಯಮದ ಹೊಟ್ಟೆಪಾಡು ಎದುರು ಬರುತ್ತದೆ. ಹರ್ವಿ ಬೇ, ರೈನ್‌ಬೋ ಬೀಚ್ ಊರುಗಳು ದ್ವೀಪವನ್ನು ನಂಬಿ ಬದುಕುತ್ತವೆ, ನಿಜ. ಆದರೆ ಸ್ವಂತ ಗಾಡಿಯ ಗುಂಪು ದೂರದ ನಗರದ ಸೂಪರ್‌ಮಾರ್ಕೆಟ್‌ನಲ್ಲಿ ವಾರದ ದಿನಸಿ ತುಂಬಿಕೊಂಡು ಬರುತ್ತದೆ. ಗೈಡ್, ಚಾಲಕ, ಅಡುಗೆಯವರು ಇರುವ ಬಸ್ ಪ್ರವಾಸ ಸ್ಥಳೀಯರಿಗೆ ಕೆಲಸ ಕೊಡುತ್ತದೆ. ಮರಳಿನಲ್ಲಿ ಓಡುವ ದೊಡ್ಡ ಫೋರ್‌ವೀಲ್ ಬಸ್ಸುಗಳು ಈಗಾಗಲೇ ಅಲ್ಲಿವೆ. ಒಂದು ಬಸ್ಸಿನ ಜನಕ್ಕೆ ಐದಾರು ಜೀಪು ಬೇಕಾಗುತ್ತದೆ.

‘ಅಜ್ಜನ ಕಾಲದಿಂದ ನಮ್ಮ ಮನೆಯವರು ಅಲ್ಲಿ ಮೀನು ಹಿಡಿಯಲು ಹೋಗುತ್ತಿದ್ದೇವೆ’ ಎನ್ನುವ ಕ್ವೀನ್ಸ್‌ಲ್ಯಾಂಡ್ ಕುಟುಂಬಗಳ ಮಾತನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಅವರಿಗೆ ಆ ದಂಡೆಯ ಮೇಲೆ ಪ್ರೀತಿ ಇದೆ. ಅಂಥವರಿಗೆ ಚೀಟಿ ಎತ್ತಿ ಕೆಲವು ಪರವಾನಗಿಗಳನ್ನು ಮೀಸಲಿಡಬಹುದು. ಆದರೆ ಹಳೆಯ ವಾಡಿಕೆಯೇ ಪ್ರಮಾಣವಾಗುವುದಾದರೆ ಮೊದಲ ಮಾತು ಬುಚುಲ್ಲಾ ಜನರದು. ಸಾವಿರಾರು ವರ್ಷ ಅಲ್ಲಿ ಬಾಳಿದವರನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಯಾಡಿ, ಉಳಿದವರನ್ನು ಮಿಷನ್ನಿಗೆ ತಳ್ಳಿ, ಕೊನೆಗೆ ದ್ವೀಪದಿಂದಲೇ ಹೊರಹಾಕಿದರು. 1836ರಲ್ಲಿ ಹಡಗೊಡೆದು ದಡ ಸೇರಿದ ಎಲೈಜಾ ಫ್ರೇಸರ್ ಹೇಳಿದ ಅತಿರಂಜಿತ ಕಥೆಗಳು ಅವರ ಮೇಲಿನ ದ್ವೇಷಕ್ಕೆ ತುಪ್ಪ ಸುರಿದವು; ಅವಳ ಕುಟುಂಬದ ಹೆಸರೇ ದ್ವೀಪಕ್ಕೆ ಅಂಟಿತು. 2014ರಲ್ಲಿ ನ್ಯಾಯಾಲಯ ಬುಚುಲ್ಲಾ ಜನರ ಮೂಲ ಹಕ್ಕನ್ನು ಮಾನ್ಯ ಮಾಡಿತು, 2023ರಲ್ಲಿ ಕ್‌ಗರಿ ಎಂಬ ಹೆಸರು ಅಧಿಕೃತವಾಗಿ ಮರಳಿತು. ಹೆಸರನ್ನು ಹಿಂತಿರುಗಿಸಿದ ಸರ್ಕಾರ ಎಷ್ಟು ಜನ ಬರಬೇಕು ಎಂಬ ತೀರ್ಮಾನವನ್ನು ಹಿಂತಿರುಗಿಸಿಲ್ಲ. ನೆಲಕ್ಕೆ ಒಳ್ಳೆಯದಾದದ್ದು ಮೊದಲು ಎಂಬುದು ಬುಚುಲ್ಲಾ ಕಟ್ಟಳೆಗಳಲ್ಲಿ ಮೊದಲನೆಯದು. ನಿನ್ನದಲ್ಲದ್ದನ್ನು ಮುಟ್ಟಬೇಡ, ಹೆಚ್ಚಿದ್ದರೆ ಹಂಚಿಕೊ ಎಂಬವು ಉಳಿದೆರಡು. ಅವರು ಯಾರನ್ನೂ ಬರಬೇಡಿ ಎನ್ನುತ್ತಿಲ್ಲ. ಹಂಚಿಕೊಳ್ಳುವುದೇ ಅವರ ಕಟ್ಟಳೆ, ಆದರೆ ನೆಲದ ನಂತರ.

ಮಿತಿ ಹಾಕಿದರೆ ಪ್ರವಾಸೋದ್ಯಮ ಸತ್ತೇಹೋಗುತ್ತದೆ ಎನ್ನುವವರು ತಮ್ಮದೇ ದೇಶದ ಲಾರ್ಡ್ ಹೋವ್ ದ್ವೀಪವನ್ನು ನೋಡಲಿ. ಒಮ್ಮೆಗೆ 400 ಪ್ರವಾಸಿಗರಿಗಿಂತ ಹೆಚ್ಚು ಜನರಿಗೆ ಅಲ್ಲಿ ಅವಕಾಶವಿಲ್ಲ. ಆದರೂ ಅಲ್ಲಿಗೆ ಹೋಗಲು ಜನ ಕಾಯುತ್ತಾರೆ. ಉಲುರು ಬಂಡೆ ಹತ್ತುವುದನ್ನು 2019ರ ಅಕ್ಟೋಬರಿನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರ ಮಾತಿಗೆ ಬೆಲೆ ಕೊಟ್ಟು ನಿಲ್ಲಿಸಿದರು. ಈಗ ಜನ ಕೆಳಗೆ ನಿಂತು ನೋಡುತ್ತಾರೆ. ಕ್‌ಗರಿಯಲ್ಲಿಯೂ ಇಂಥ ಗಟ್ಟಿ ತೀರ್ಮಾನಗಳು ಹಿಂದೆ ಆಗಿವೆ. 1970ರ ದಶಕದಲ್ಲಿ ಪರಿಸರ ಹೋರಾಟಗಾರ ಜಾನ್ ಸಿಂಕ್ಲೇರ್ ಮತ್ತು ಅವರ ಸಂಗಡಿಗರು ಮರಳು ಗಣಿಗಾರಿಕೆಯ ವಿರುದ್ಧ ನಿಂತಾಗ ಊರಿನ ಅನ್ನ ಕಸಿಯುತ್ತಿದ್ದಾರೆಂದು ಅವರನ್ನು ಬೈದವರೇ ಹೆಚ್ಚು. 1976ರ ಕೊನೆಗೆ ಗಣಿ ನಿಂತಿತು. 1991ರಲ್ಲಿ ಮರ ಕಡಿಯುವುದೂ ನಿಂತಿತು. ಇವೆರಡನ್ನು ನಿಲ್ಲಿಸಿದ್ದರಿಂದಲೇ ಇವತ್ತು ಪ್ರವಾಸಿಗಳಿಗೆ ನೋಡಲು ದ್ವೀಪ ಉಳಿದಿದೆ.

ನಮ್ಮಲ್ಲಿಯೂ ಈ ಪ್ರಶ್ನೆ ಹೊಸದಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಆಗ ಗೊಣಗಿದವರು ಬಹಳ. ಬೆಟ್ಟಕ್ಕೆ ಅದು ಬೇಕಿತ್ತು.

ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮಾಡಬೇಕಾದದ್ದು ಇಷ್ಟು. ದಿನಕ್ಕೆ ದ್ವೀಪಕ್ಕಿಳಿಯುವ ಜನರಿಗೂ ಗಾಡಿಗಳಿಗೂ ಸಂಖ್ಯೆ ನಿಗದಿಯಾಗಲಿ, ಆ ಸಂಖ್ಯೆಯನ್ನು ಬುಚುಲ್ಲಾ ಪ್ರತಿನಿಧಿಗಳೂ ವಿಜ್ಞಾನಿಗಳೂ ಸೇರಿ ನಿರ್ಧರಿಸಲಿ. ಹೊರಗಿನಿಂದ ಬರುವ ಗುಂಪುಗಳಿಗೆ ಬಾಡಿಗೆ ಗಾಡಿಯ ಸ್ಟೇರಿಂಗ್ ಕೊಡುವುದು ನಿಲ್ಲಲಿ. ಬೇಲಿಯಿಲ್ಲದ ಕಡೆ ಟೆಂಟ್ ಬೇಡ. ಅದಾಗುವವರೆಗೆ ಬ್ರಿಸ್ಬೇನ್, ಸಿಡ್ನಿ, ಮೆಲ್ಬರ್ನಿನ ಕನ್ನಡಿಗರಲ್ಲಿ ನನ್ನ ಕೋರಿಕೆ ಒಂದೇ: ಕ್‌ಗರಿಗೆ ಹೋಗಿ, ಆದರೆ ಗೈಡ್ ಓಡಿಸುವ ಬಸ್ಸಿನಲ್ಲಿ ಹೋಗಿ, ಸಾಧ್ಯವಾದರೆ ಬುಚುಲ್ಲಾ ಗೈಡ್ ಇರುವ ಪ್ರವಾಸ ಹುಡುಕಿ ಹೋಗಿ. ಈಸ್ಟರ್ ವಾರ ಬಿಟ್ಟು ಬೇರೆ ವಾರ ಆರಿಸಿಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಮತ ಹಾಕುವ ಹಕ್ಕು ಪಡೆದವರು ನಿಮ್ಮ ಕ್ಷೇತ್ರದ ಶಾಸಕರಿಗೆ ಈ ಮಿತಿಯ ಪರವಾಗಿ ಒಂದು ಪತ್ರ ಬರೆಯಿರಿ.