ರನ್‌ವೇಯ ಸರದಿ ಯಾರದು?

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ತೆರೆದ ಮೇಲೆ ಆಳಂದ, ಅಫಜಲಪುರ, ಜೇವರ್ಗಿಯ ಸಿರಿವಂತನು ಸ್ವಂತ ಪುಟ್ಟ ವಿಮಾನದಲ್ಲಿ ಬೆಂಗಳೂರಿಗೆ ಹೋಗಬಹುದು. ತೊಗರಿ ಬೆಳೆಗಾರನಿಗೆ ರಾತ್ರಿ ಬಸ್ಸೇ ಗತಿ. ಅಸೂಯೆಯ ಮಾತಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವ ಜೆಟ್ಟಿನ ವೇಗ ಗಂಟೆಗೆ ಸುಮಾರು 250 ಕಿ.ಮೀ.; ಪುಟ್ಟ ಪಿಸ್ಟನ್ ವಿಮಾನದ್ದು ಅದರ ಅರ್ಧ. ಜೆಟ್ಟಿನ ರೆಕ್ಕೆಯ ತುದಿಯಿಂದೇಳುವ ಸುಳಿಗಾಳಿ ಹಿಂದೆ ಬರುವ ಹಗುರ ವಿಮಾನವನ್ನು ಮಗುಚಬಲ್ಲದು. ಆದ್ದರಿಂದ ನಿಯಂತ್ರಕರು ಹೆಚ್ಚು ಅಂತರ ಬಿಡಲೇಬೇಕು. ನಾಲ್ವರಿಗಾಗಿ 180 ಮಂದಿಯ ಸರದಿ ಹೋಗುತ್ತದೆ. ಕಾದ ಜೆಟ್ಟುಗಳು ಆಕಾಶದಲ್ಲಿ ಸುತ್ತುತ್ತ ಇಂಧನ ಸುಡುತ್ತವೆ. ಸರದಿ ಸಾಲದಾದರೆ ಕೇಳುವುದು ನೆಲವನ್ನೇ. ಸುಮಾರು 4,000 ಎಕರೆಯ ಆ ನಿಲ್ದಾಣಕ್ಕೆ 2019ರಲ್ಲೇ ಎರಡನೆಯ ರನ್‌ವೇ ಬಂದಿದೆ. ದಟ್ಟಣೆಯ ಹೊತ್ತಿನಲ್ಲಿ ಪುಟ್ಟ ವಿಮಾನಗಳು ಜಕ್ಕೂರಿನಲ್ಲಿ ಇಳಿಯಲಿ, ಇಲ್ಲವೇ ಕಳೆದ ಸರದಿಯ ಪೂರ್ಣ ಬೆಲೆ ತೆರಲಿ. ರೋಗಿಯನ್ನು ತರುವ ವಿಮಾನಕ್ಕಷ್ಟೇ ವಿನಾಯಿತಿ.